ಸತ್ತ ದನಗಳ ಲೆಕ್ಕ

ಬರ, ನೆರೆ, ಬಿರುಗಾಳಿಗಳಿಂದ ರೈತನಿಗೆ ಒದಗುವ ನಷ್ಟದಲ್ಲಿ ಒಂದು ಪಾಲನ್ನಾದರೂ ಸರ್ಕಾರವು ಹೊರಬೇಕೆಂಬುದನ್ನು ಒಪ್ಪುವವರೇ ಹೆಚ್ಚು. ಆದರೆ ನಷ್ಟವಾದುದನ್ನು ತೋರಿಸುವುದು ಹೇಗೆ, ಅಳೆಯುವವರು ಯಾರು ಎಂಬಲ್ಲಿಗೆ ಬಂದಾಗ ತೊಡಕು ಪ್ರಾರಂಭವಾಗುತ್ತದೆ. ಈ ತೊಡಕನ್ನು ಅಮೆರಿಕದ ಒಂದು ನಿದರ್ಶನದಿಂದ ವಿಚಾರಿಸೋಣ.

ದಕ್ಷಿಣ ಡಕೋಟ ಸಂಸ್ಥಾನದ ಪಶ್ಚಿಮ ಭಾಗವು ಹುಲ್ಲುಗಾವಲಿನ ನಾಡು. ಮಾಂಸಕ್ಕಾಗಿ ದನ ಸಾಕುವುದೇ ಅಲ್ಲಿ ಅನೇಕರ ಜೀವನ. ನಮ್ಮಂತೆ ಕೊಟ್ಟಿಗೆಯಲ್ಲಿ ಕಟ್ಟುವ ಪದ್ಧತಿಯಲ್ಲ. ದನಗಳಿಗೆ ಬಯಲೇ ಮನೆ. 2013ರ ಅಕ್ಟೋಬರ್ ಮೊದಲ ವಾರದಲ್ಲಿ, ಕಾಲಕ್ಕೆ ಮುಂಚೆಯೇ, ಅಲ್ಲಿ ಹಿಮದ ಬಿರುಗಾಳಿ ಎದ್ದಿತು. ಮೊದಲು ಮಳೆ ಸುರಿದು ದನಗಳ ಮೈ ತೊಯ್ದಿತು. ಅನಂತರ ಹಿಮ ಬಿದ್ದಿತು. ಚಳಿಗಾಲದ ದಟ್ಟ ಕೂದಲು ಇನ್ನೂ ಬೆಳೆದಿರಲಿಲ್ಲ. ಗಾಳಿಗೆ ಬೆನ್ನುಕೊಟ್ಟು ನಡೆದ ಹಿಂಡುಗಳು ಬೇಲಿಗಳನ್ನು ದಾಟಿ, ಮೈಲಿಗಟ್ಟಲೆ ಹೋಗಿ, ಹಳ್ಳಗಳಲ್ಲಿ ಬಿದ್ದು ಸತ್ತವು. ಹೀಗೆ ಸತ್ತವು ಹತ್ತಾರು ಸಾವಿರ.

ಇಂಥ ಸಾವಿಗೆಂದೇ 2008ರ ಕೃಷಿ ಶಾಸನದಲ್ಲಿ ಪರಿಹಾರದ ಏರ್ಪಾಡಿತ್ತು. ಆದರೆ ಅದರ ಅವಧಿ 2011ರ ಸೆಪ್ಟೆಂಬರ್ 30ಕ್ಕೆ ತೀರಿತ್ತು. ಹೊಸ ಶಾಸನವು ಕಾಂಗ್ರೆಸ್ಸಿನಲ್ಲಿ ನೆನೆಗುದಿಗೆ ಬಿದ್ದಿತ್ತು. ಸಾಲದುದಕ್ಕೆ, ಆಯವ್ಯಯದ ಜಗಳದಿಂದಾಗಿ ಅದೇ ಅಕ್ಟೋಬರ್ 1ರಿಂದ 16ರವರೆಗೆ ಕೇಂದ್ರದ ಕೃಷಿ ಕಚೇರಿಗಳಿಗೆ ಬೀಗ ಬಿದ್ದಿತ್ತು. ಬಯಲಿನಲ್ಲಿ ಹೆಣಗಳು, ಹಣ ಕೊಡುವ ಶಾಸನವಿಲ್ಲ, ನಷ್ಟವನ್ನು ಬರೆದುಕೊಳ್ಳಲು ಗುಮಾಸ್ತನೂ ಇಲ್ಲ!

ಲೆಕ್ಕ ಇಡಿ, ಛಾಯಾಚಿತ್ರ ತೆಗೆಯಿರಿ, ಪಶುವೈದ್ಯರ ಅಥವಾ ನೆರೆಯವರ ಸಾಕ್ಷ್ಯ ಪಡೆಯಿರಿ: ಗೋಪಾಲಕರಿಗೆ ಆಗ ದೊರೆತ ಸಲಹೆ ಇದು. ಒಬ್ಬನ ದನ ಇನ್ನೊಬ್ಬನ ಹಳ್ಳದಲ್ಲಿ ಸತ್ತಿದ್ದರಿಂದ ಮೈಮೇಲೆ ಹಾಕಿದ ಬರೆಯೇ ಒಡೆತನದ ಗುರುತಾಯಿತು. ಹೆಣಗಳನ್ನು ಬಹುದಿನ ಬಿಡುವಂತಿಲ್ಲ. ಹೂತರೆ ರುಜುವಾತೂ ಮಣ್ಣುಪಾಲು. ಸರ್ಕಾರದ ಹಣಕ್ಕಿಂತ ಮೊದಲು ಬೇರೆ ಸಂಸ್ಥಾನಗಳ ಗೋಪಾಲಕರು ತಮ್ಮ ಹಿಂಡಿನ ಕಡಸುಗಳನ್ನು ಕಳುಹಿಸಿಕೊಟ್ಟರೆಂಬುದನ್ನು ಇಲ್ಲಿ ನೆನೆಯಬೇಕು.

ಕೊನೆಗೆ 2014ರ ಫೆಬ್ರವರಿ 7ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದ ಶಾಸನವು ಈ ಏರ್ಪಾಡನ್ನು ಶಾಶ್ವತಗೊಳಿಸಿ, 2011ರ ಅಕ್ಟೋಬರಿನಿಂದಲೇ ಅನ್ವಯವಾಗುವಂತೆ ಮಾಡಿತು. ಅರ್ಜಿ ಪಡೆಯತೊಡಗಿದ್ದು ಏಪ್ರಿಲ್ 15ರಂದು, ಎಂದರೆ ದನ ಸತ್ತ ಆರು ತಿಂಗಳಿಗೆ. ಗೊತ್ತುಮಾಡಿದ ಸರಾಸರಿ ಮಾರುಕಟ್ಟೆ ಬೆಲೆಯಲ್ಲಿ ನೂರಕ್ಕೆ 75ರಷ್ಟು ಕೊಡುತ್ತಾರೆ. ಅದೂ ಎಲ್ಲ ಸಾವಿಗಲ್ಲ. ಯಾವ ಹಿಂಡಿನಲ್ಲೂ ವರ್ಷಕ್ಕೆ ಕೆಲವು ಸಹಜವಾಗಿ ಸಾಯುತ್ತವಷ್ಟೆ. ಅವನ್ನು ಕಳೆದು ಉಳಿದುದಕ್ಕೆ ಮಾತ್ರ ಹಣ.

ಬರಗಾಲದಲ್ಲಿ ಮೇವಿಗೆ ಕೊಡುವ ನೆರವಿನ ಕ್ರಮವೇ ಬೇರೆ. 1999ರಿಂದ ವಾರವಾರವೂ ಬರದ ನಕ್ಷೆಯೊಂದು ಪ್ರಕಟವಾಗುತ್ತಿದೆ. ಒಂದು ಕೌಂಟಿಯ ಯಾವುದೇ ಭಾಗವು ನಿಯಮಿಸಿದ ವಾರಗಳ ಕಾಲ ತೀವ್ರ ಬರದ ಬಣ್ಣದಲ್ಲಿದ್ದರೆ ಆ ಕೌಂಟಿಯ ಗೋಮಾಳದವರೆಲ್ಲ ಅರ್ಜಿ ಹಾಕಬಹುದು. ತಿಂಗಳ ಮೇವಿನ ವೆಚ್ಚದ ನೂರಕ್ಕೆ 60ರ ಲೆಕ್ಕದಲ್ಲಿ ಹಣ ಬರುತ್ತದೆ. ಹೆಣ ತೋರಿಸುವ ಗೋಜಿಲ್ಲ. ಒಳ್ಳೆಯ ಮಳೆ ಕಂಡ ಮೂಲೆಯವನಿಗೂ ಇದರಲ್ಲಿ ಪಾಲು ಸಿಕ್ಕೀತೆಂಬ ಆಕ್ಷೇಪ ನಿಜವೇ. ಆದರೂ ನನಗೆ ಈ ಕ್ರಮವೇ ಹೆಚ್ಚು ಹಿಡಿಸುತ್ತದೆ. ನಿಯಮವು ವಿಪತ್ತಿಗೆ ಮೊದಲೇ ಹುಟ್ಟಿದೆ. ಕಷ್ಟದಲ್ಲಿರುವವನು ಸಾಕ್ಷಿ ಹುಡುಕುತ್ತ ಅಲೆಯಬೇಕಾಗಿಲ್ಲ.

ನಮ್ಮ ದೇಶದಲ್ಲಿ 2022–26ರ ಅವಧಿಗೆ ಕೇಂದ್ರವು ಗೊತ್ತುಪಡಿಸಿದ ದರ ಸತ್ತ ಹಸು ಅಥವಾ ಎಮ್ಮೆಯೊಂದಕ್ಕೆ 37,500 ರೂಪಾಯಿ. ಅಲ್ಲಿಯಂತೆ ಬೆಲೆಯ ಪಾಲಲ್ಲ, ಎಲ್ಲಕ್ಕೂ ಒಂದೇ ಮೊತ್ತ. ಒಂದು ಕುಟುಂಬಕ್ಕೆ ಹೆಚ್ಚೆಂದರೆ ಮೂರು ಹಾಲಿನ ದನಗಳಿಗೆ ಮಾತ್ರ. ನಾಲ್ಕನೆಯದು ಸತ್ತರೆ ಲೆಕ್ಕಕ್ಕಿಲ್ಲ.