ಬರ್ಲಿನ್‌ನ 1ನೇ ಫ್ಲಾಕ್ ಡಿವಿಜನ್: ಪರೀಕ್ಷಾ ಟಿಪ್ಪಣಿ

1. ಫ್ಲಾಕ್: ಜರ್ಮನಿಯ ವಿಮಾನವಿರೋಧಿ ತೋಪು; ಪಡೆಗೂ ಅದೇ ಹೆಸರು.

2. ಯಾರ ಅಧೀನ? ಬಹುಪಾಲು ವಾಯುಪಡೆಯ (ಲುಫ್ಟ್‌ವಾಫೆ) ಅಧೀನ, ಭೂಸೇನೆಯದಲ್ಲ. ಸರಿ-ತಪ್ಪು ಪ್ರಶ್ನೆಗಳಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ.

3. 1ನೇ ಡಿವಿಜನ್: ರಚನೆ 1941. ಹೊಣೆ ರಾಜಧಾನಿ ಬರ್ಲಿನ್‌ನ ರಕ್ಷಣೆ.

4. ಫ್ಲಾಕ್ ಟವರ್: 1940ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಿಮಾನಗಳು ಬರ್ಲಿನ್ ಮೇಲೆ ಬಾಂಬ್ ಹಾಕಿದ ಬಳಿಕ ಹಿಟ್ಲರ್ ಆದೇಶ. ವಿನ್ಯಾಸ ಫ್ರೆಡ್ರಿಕ್ ಟಾಮ್ಸ್.
- ಬರ್ಲಿನ್ 3 (ಝೂ, ಫ್ರೆಡ್ರಿಕ್ಸ್‌ಹೈನ್, ಹಂಬೋಲ್ಟ್‌ಹೈನ್), ಹ್ಯಾಂಬರ್ಗ್ 2, ವಿಯೆನ್ನಾ 3.
- ಗಮನಿಸಿ: ಇವು ಜೋಡಿಗಳ ಲೆಕ್ಕ. ಜಿ-ಟವರ್‌ನಲ್ಲಿ ತೋಪು, ಎಲ್-ಟವರ್‌ನಲ್ಲಿ ರೇಡಾರ್ ಮತ್ತು ಗುರಿ ನಿರ್ದೇಶನ. ಹಾಗಾಗಿ ಜೋಡಿ 8, ಕಟ್ಟಡ 16.
- ಝೂ ಟವರ್ ಬರೀ ತೋಪಿನ ಅಟ್ಟವಲ್ಲ. ಆಸ್ಪತ್ರೆ, ಬಾಂಬ್ ಆಶ್ರಯತಾಣ, ಮ್ಯೂಸಿಯಂ ವಸ್ತುಗಳ ಉಗ್ರಾಣ ಎಲ್ಲವೂ ಅದರೊಳಗೇ. ಟ್ರಾಯ್‌ನ 'ಪ್ರಿಯಾಮ್ ನಿಧಿ' ಇಲ್ಲಿಂದಲೇ ಸೋವಿಯತ್ ವಶವಾಯಿತು. ಈಗ ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿದೆ.

5. ತೋಪುಗಳ ವ್ಯತ್ಯಾಸ: 8.8 ಸೆಂ.ಮೀ. ತೋಪು ಟ್ಯಾಂಕ್ ಹೊಡೆಯುವುದಕ್ಕೂ ಪ್ರಸಿದ್ಧ. ಟವರ್‌ಗಳ ಜೋಡಿನಳಿಕೆಯ ತೋಪು 12.8 ಸೆಂ.ಮೀ.; ಒಂದು ಗುಂಡಿನ ತೂಕ ಸುಮಾರು 26 ಕೆ.ಜಿ.

6. ಫ್ಲಾಕ್‌ಹೆಲ್ಫರ್: 1943ರಿಂದ ತೋಪುಗಳ ಬಳಿ ನಿಲ್ಲಿಸಿದ ಶಾಲಾ ಹುಡುಗರು, ಹೆಚ್ಚಿನವರು 15ರಿಂದ 17ರ ವಯಸ್ಸಿನವರು. ನಡುವೆ ಪಾಠವೂ ನಡೆಯುತ್ತಿತ್ತು. ಮುಂದೆ ಪೋಪ್ 16ನೇ ಬೆನೆಡಿಕ್ಟ್ ಆದ ಜೋಸೆಫ್ ರಾಟ್ಸಿಂಗರ್ ಬವೇರಿಯಾದಲ್ಲಿ ಇದೇ ಕೆಲಸದಲ್ಲಿದ್ದರು (ಬರ್ಲಿನ್ ಎಂದು ಗುರುತು ಹಾಕಬೇಡಿ).

7. ಇಂದು: ಝೂ ಟವರ್ ಇಲ್ಲ. ಹಂಬೋಲ್ಟ್‌ಹೈನ್ ಅರೆಬರೆ ಉಳಿದಿದೆ. ವಿಯೆನ್ನಾದ ಆರೂ ಕಟ್ಟಡಗಳು ನಿಂತಿವೆ. ಒಂದು ಈಗ ಅಕ್ವೇರಿಯಂ.