ಮಳೆಯಾಶ್ರಿತ ರಾಗಿಗೆ ಸಾರಜನಕ: ಯಾವ ಗೊಬ್ಬರ, ಎಷ್ಟು, ಯಾವಾಗ?

ಬೆಂಗಳೂರಿನ ಪೂರ್ವಕ್ಕಿರುವ ಹೂಡಿ, ವರ್ತೂರು ಸುತ್ತಿನ ಕೆಂಪು ಭೂಮಿಯಲ್ಲಿ ಹಿಂದೆ ಮಳೆಯಾಶ್ರಿತ ರಾಗಿಯೇ ಮುಖ್ಯ ಬೆಳೆಯಾಗಿತ್ತು. ಇಂದು ಆ ಜಮೀನಿನ ಬಹುಭಾಗ ಕಾರ್ಖಾನೆ, ಕಚೇರಿ, ಬಡಾವಣೆಗಳ ಪಾಲಾಗಿದೆ. ಆದರೂ ಅಲ್ಲಿಂದ ಹೊಸಕೋಟೆಯ ಕಡೆಗೆ ಹೋದಂತೆ ರಾಗಿ ಹೊಲಗಳು ಕಾಣುತ್ತವೆ. ದನಗಳು ಕಡಿಮೆಯಾದ ಮನೆಗಳಲ್ಲಿ ತಿಪ್ಪೆ ಬರಿದಾಗಿ, ಯೂರಿಯಾ ಒಂದನ್ನೇ ನೆಚ್ಚುವುದುಂಟು. ಇದರಿಂದ ಪೈರು ಹಸಿರಾಗಿ ಕಂಡರೂ ಭೂಮಿ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಗೊಬ್ಬರಗಳ ಗುಣ

ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕವಿದೆ. ಒಣ ಮಣ್ಣಿನ ಮೇಲೆ ಎರಚಿ ಹಾಗೆಯೇ ಬಿಟ್ಟರೆ ಸ್ವಲ್ಪ ಭಾಗ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ. ಜೋರು ಮಳೆ ಬಂದರೆ ಕೊಚ್ಚಿಹೋಗುತ್ತದೆ. ಈಗ ದೊರೆಯುವ ಬೇವು ಲೇಪಿತ ಯೂರಿಯಾ ತುಸು ನಿಧಾನವಾಗಿ ಪೈರಿಗೆ ಒದಗುತ್ತದೆ. ಅಮೋನಿಯಂ ಸಲ್ಫೇಟ್ ಗಂಧಕವನ್ನೂ ಕೊಡುತ್ತದೆ. ಆದರೆ ಮಣ್ಣಿನ ಹುಳಿಯನ್ನು ಯೂರಿಯಾಕ್ಕಿಂತ ಹೆಚ್ಚಿಸುವುದರಿಂದ, ಮೊದಲೇ ಹುಳಿಯಾಗಿರುವ ಕೆಂಪು ಮಣ್ಣಿಗೆ ಪದೇ ಪದೇ ಹಾಕುವುದು ಸೂಕ್ತವಲ್ಲ.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಶೇಕಡ ಮಾತ್ರ. ಅದರಲ್ಲೂ ಒಂದು ಭಾಗವಷ್ಟೇ ಮೊದಲ ಬೆಳೆಗೆ ಸಿಗುತ್ತದೆ. ಆದರೆ ಅದು ತೇವವನ್ನು ಹಿಡಿದಿಡುತ್ತದೆ. ಪೊಟ್ಯಾಷ್ ಮತ್ತು ಲಘು ಪೋಷಕಾಂಶಗಳನ್ನೂ ಒದಗಿಸುತ್ತದೆ. ಹೊಂಗೆ ಹಿಂಡಿ ಹಾಗೂ ಹೊಂಗೆ ಸೊಪ್ಪು ಸಹ ಉಪಯುಕ್ತ.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ 1978ರಲ್ಲಿ ಆರಂಭವಾದ ರಾಗಿಯ ದೀರ್ಘಾವಧಿ ಪ್ರಯೋಗವು ಇದನ್ನೇ ತೋರಿಸಿದೆ. ರಾಸಾಯನಿಕ ಗೊಬ್ಬರವನ್ನು ಮಾತ್ರ ಕೊಟ್ಟ ತಾಕುಗಳಲ್ಲಿ ಇಳುವರಿ ಕ್ರಮೇಣ ಕುಗ್ಗಿತು. ಕೊಟ್ಟಿಗೆ ಗೊಬ್ಬರದೊಡನೆ ಕೊಟ್ಟ ಕಡೆ ಸ್ಥಿರವಾಗಿ ಉಳಿಯಿತು.

ತಳಿಗೆ ತಕ್ಕ ಪೋಷಣೆ

ಎತ್ತರಕ್ಕೆ ಬೆಳೆಯುವ ನಾಟಿ ತಳಿಗಳಿಗೆ ಸಾರಜನಕ ಹೆಚ್ಚಾದರೆ ಪೈರು ಮಲಗುತ್ತದೆ. ಇಂಡಾಫ್ ತಳಿಗಳು ಹಾಗೂ ಜಿಪಿಯು-28 ಗೊಬ್ಬರಕ್ಕೆ ಚೆನ್ನಾಗಿ ಸ್ಪಂದಿಸಿ ಹೆಚ್ಚು ತೆಂಡೆ ಒಡೆಯುತ್ತವೆ. ಜಿಪಿಯು-28 ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆ. ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಗಳಲ್ಲಿ ಅತಿಯಾದ ಸಾರಜನಕ ಈ ರೋಗವನ್ನು ಉಲ್ಬಣಗೊಳಿಸುತ್ತದೆ.

ಹಾಕುವ ಕ್ರಮ (ಎಕರೆಗೆ)

1. ಬಿತ್ತನೆಗೆ 2-3 ವಾರ ಮೊದಲು 3 ಟನ್ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿನಲ್ಲಿ ಬೆರೆಸಿ.

2. ಮಳೆಯಾಶ್ರಿತ ರಾಗಿಗೆ ಶಿಫಾರಸಾದ ಸಾರಜನಕ 20 ಕಿಲೋ, ರಂಜಕ 16 ಕಿಲೋ, ಪೊಟ್ಯಾಷ್ 15 ಕಿಲೋ. ಇದಕ್ಕಾಗಿ ಬಿತ್ತುವಾಗ 35 ಕಿಲೋ ಡಿಎಪಿ, 8 ಕಿಲೋ ಯೂರಿಯಾ, 25 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೊಡಿ.

3. ಬಿತ್ತಿದ 3-4 ವಾರಗಳಲ್ಲಿ ಕಳೆ ತೆಗೆದು, ಮಣ್ಣಿನಲ್ಲಿ ಹದವಿರುವಾಗ 22 ಕಿಲೋ ಯೂರಿಯಾ ಮೇಲುಗೊಬ್ಬರವಾಗಿ ಕೊಟ್ಟು, ಕುಂಟೆ ಹಾಯಿಸಿ ಮಣ್ಣಿಗೆ ಸೇರಿಸಿ. ಹದವಿಲ್ಲದಿದ್ದರೆ ಮಳೆಗೆ ಕಾಯಿರಿ.

45 ಕಿಲೋ ತೂಕದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ಎಂದರೆ ಎಕರೆಗೆ ಬೇಕಾದ ಸಾರಜನಕವೆಲ್ಲ ಒಂದೇ ಚೀಲದಲ್ಲಿದೆ. ಡಿಎಪಿ ಜೊತೆಗೆ ಪೂರ್ತಿ ಚೀಲ ಸುರಿಯುವುದು ಹಣವನ್ನು ಮಳೆನೀರಿಗೆ ಚೆಲ್ಲಿದಂತೆ. ತಿಪ್ಪೆ ಸಾಲದವರು ಇರುವ ಗೊಬ್ಬರವನ್ನು ಒಂದೊಂದು ವರ್ಷ ಒಂದೊಂದು ತಾಕಿಗೆ ಸರದಿಯಂತೆ ಹಾಕಬಹುದು. ಬದುಗಳ ಮೇಲೆ ಹೊಂಗೆ ಬೆಳೆಸಬಹುದು. ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವುದು ಲಾಭದಾಯಕ.