ಹಿಮ್ಮಡಿಯ ನೋವನ್ನು ಅಲಕ್ಷಿಸಬೇಡಿ

ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿಯ ಹಿಂಭಾಗ ಚುಳ್ಳೆನ್ನುತ್ತದೆಯೇ? ನಾಲ್ಕು ಹೆಜ್ಜೆ ಕುಂಟಿದ ಮೇಲೆ ಸಡಿಲವಾಗಿ, ಸಂಜೆ ತೋಟದಿಂದ ಮರಳುವಾಗ ಮತ್ತೆ ಹಿಡಿದುಕೊಳ್ಳುತ್ತದೆಯೇ? ಹಾಗಾದರೆ ಈ ವಾರದ ಪಾಠ ನಿಮಗಾಗಿ.

ಹೇಮಾವತಿ ಹುಟ್ಟುವ ಜಾವಳಿಯ ಸುತ್ತಮುತ್ತ ಸಮತಟ್ಟಾದ ನೆಲ ಕಡಿಮೆ. ಲೈನ್ ಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ, ಭಾನುವಾರ ದೇವಾಲಯಕ್ಕೆ, ಎಲ್ಲವೂ ಏರು ಇಲ್ಲವೇ ಇಳಿಜಾರು. ಕೊಯ್ಲಿನ ತಿಂಗಳುಗಳಲ್ಲಿ ಬೆನ್ನ ಮೇಲೆ ಹಣ್ಣಿನ ಚೀಲವೂ ಇರುತ್ತದೆ. ಕೆಲಸಕ್ಕೆ ಹೋಗದಿದ್ದರೆ ಅಂದಿನ ಕೂಲಿ ಇಲ್ಲ. ಆದ್ದರಿಂದಲೇ ಅನೇಕರು ನೋವನ್ನು ಹೇಳಿಕೊಳ್ಳುವುದಿಲ್ಲ. ಹೇಳುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ನೋಯುವುದು ಯಾವುದು?

ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಗಟ್ಟಿ ಹುರಿಗೆ ಸ್ನಾಯುರಜ್ಜು ಎನ್ನುತ್ತಾರೆ. ನಾವು ಬಾಯಿಮಾತಿನಲ್ಲಿ 'ನರ' ಎನ್ನುತ್ತೇವೆ, ಆದರೆ ಅದು ನರವಲ್ಲ. ದೇಹದಲ್ಲೇ ಅತಿ ದಪ್ಪನಾದ ಸ್ನಾಯುರಜ್ಜು ಇದು. ಏರು ಹತ್ತುವಾಗ ಇದು ಹೆಚ್ಚು ಎಳೆಯಲ್ಪಡುತ್ತದೆ. ಇದಕ್ಕೆ ರಕ್ತದ ಪೂರೈಕೆ ಕಡಿಮೆ. ಆದ್ದರಿಂದ ಗುಣವಾಗುವುದೂ ನಿಧಾನ.

ಇಲ್ಲಿ ನಾವು ಎರಡು ತಪ್ಪು ಮಾಡುತ್ತೇವೆ. ಒಂದು, ನೋವಿನ ಮಾತ್ರೆ ನುಂಗಿ ಮೊದಲಿನಂತೆಯೇ ಚೀಲ ಹೊರುವುದು. ಇನ್ನೊಂದು, ಹೆದರಿ ವಾರಗಟ್ಟಲೆ ಮಲಗಿಬಿಡುವುದು. ಪೂರ್ತಿ ವಿಶ್ರಾಂತಿಯಿಂದ ಹುರಿ ಇನ್ನಷ್ಟು ದುರ್ಬಲವಾಗುತ್ತದೆ. ಅದಕ್ಕೆ ಬೇಕಾದದ್ದು ಸ್ವಲ್ಪ ಸ್ವಲ್ಪವಾಗಿ ಹೆಚ್ಚುವ ಭಾರ.

1998ರಲ್ಲಿ ಸ್ವೀಡನ್ನಿನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್ಸನ್ ಮತ್ತು ಅವರ ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಬಹುಕಾಲ ನೋವುಂಡಿದ್ದ 15 ಮಂದಿ ಓಟಗಾರರಿಗೆ 12 ವಾರ ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡಿಸಿದರು. ಅವರೆಲ್ಲರೂ ಮತ್ತೆ ಓಡುವಂತಾದರು.

ಮನೆಯಲ್ಲಿ ಮಾಡುವ ಕ್ರಮ

1. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಗೋಡೆ ಹಿಡಿದು ನಿಲ್ಲಿ. ಎರಡೂ ಕಾಲಿನಿಂದ ಹಿಮ್ಮಡಿ ಎತ್ತಿ. ಆಮೇಲೆ ನೋಯುವ ಕಾಲಿನ ಮೇಲೆ ಮಾತ್ರ ಭಾರ ಹಾಕಿ ಮೆಲ್ಲಗೆ ಇಳಿಸಿ.

2. ಮೊದಲು ಆದಷ್ಟು ಸಲ ಮಾಡಿ. ಕ್ರಮೇಣ 15ರಂತೆ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು ಮಾಡಿ. ಮಂಡಿ ನೆಟ್ಟಗಿಟ್ಟು ಒಮ್ಮೆ, ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ.

3. ಮಾಡುವಾಗ ಅಲ್ಪ ನೋವು ಸಹಜ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಸಂಖ್ಯೆ ಇಳಿಸಿ.

4. ನೋವು ಹಿಮ್ಮಡಿಯ ಮೂಳೆಗೆ ಅಂಟಿಕೊಂಡ ಜಾಗದಲ್ಲೇ ಇದ್ದರೆ ಮೆಟ್ಟಿಲು ಬೇಡ, ಸಮನೆಲದಲ್ಲೇ ಮಾಡಿ.

ಸವೆದ ಹವಾಯಿ ಚಪ್ಪಲಿಯಲ್ಲಿ ಗುಡ್ಡ ಹತ್ತಬೇಡಿ. ಹಿಮ್ಮಡಿ ಸ್ವಲ್ಪ ಎತ್ತರವಿರುವ, ಹಿಂದೆ ಪಟ್ಟಿಯಿರುವ ಪಾದರಕ್ಷೆ ಹಾಕಿ. ಗಂಬೂಟು ಸಡಿಲವಿದ್ದರೆ ಒಳಗೆ ದಪ್ಪ ಕಾಲುಚೀಲ ಇರಲಿ. ಕೆಲವು ವಾರ ಹಗುರ ಕೆಲಸ ಕೊಡುವಂತೆ ತೋಟದ ರೈಟರನ್ನು ಕೇಳುವುದಕ್ಕೆ ಸಂಕೋಚ ಬೇಡ.

ಯಾರ ಬಳಿ ಹೋಗಬೇಕು?

ಪಾದಕ್ಕೆಂದೇ ಪ್ರತ್ಯೇಕ ವೈದ್ಯರು ನಮ್ಮ ಕಡೆ ಸಿಗುವುದು ಕಷ್ಟ. ಮೊದಲು ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಗೆ ಇಲ್ಲವೇ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಮೂಳೆ ವೈದ್ಯರನ್ನೂ ಫಿಸಿಯೋಥೆರಪಿಯನ್ನೂ ಕೇಳಿ. ಚಾರ್ಮಾಡಿ ಘಾಟಿ ಇಳಿದರೆ, 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಸೇವೆಯಿಂದ ಬೆಳೆದ ಆಸ್ಪತ್ರೆ ಮಂಗಳೂರಿನಲ್ಲಿದೆ.

ಹಿಂದಿನಿಂದ ಯಾರೋ ಒದ್ದಂತಾಗಿ, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಹುರಿ ಹರಿದಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಹುರಿಯೊಳಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಅದು ಹರಿಯುವ ಅಪಾಯವಿದೆ. ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ನುಂಗುವಾಗ ಈ ನೋವು ಶುರುವಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ಅವರು ಪ್ರತಿ ರಾತ್ರಿ ಪಾದ ತೊಳೆದು, ಬೆರಳ ಸಂದಿ ಒರೆಸಿ, ಗಾಯವಿದೆಯೇ ಎಂದು ನೋಡಲೇಬೇಕು.

ಪವಿತ್ರ ಗುರುವಾರ ಗುರುಗಳು ಪೀಠದ ಮುಂದೆ ಮೊಣಕಾಲೂರಿ ಪಾದ ತೊಳೆಯುವುದನ್ನು ನಾವು ವರ್ಷವರ್ಷವೂ ನೋಡುತ್ತೇವೆ. ಯೇಸುಸ್ವಾಮಿ ಮುಟ್ಟಿದ್ದು ದಾರಿ ನಡೆದು ದಣಿದ, ಧೂಳು ಹಿಡಿದ ಪಾದಗಳನ್ನು. ನಮ್ಮ ಮನೆಯಲ್ಲೂ ಅಂಥ ಪಾದಗಳಿವೆ. ಅಮ್ಮ ಕುಂಟುತ್ತಾ ಒಲೆಯ ಮುಂದೆ ನಿಂತಿದ್ದರೆ, 'ವಯಸ್ಸಾಯಿತು' ಎಂದು ಸುಮ್ಮನಾಗಬೇಡಿ.

ಮನೆಮಂದಿ ಕೂಡಿ ಮಾತಾಡಿಕೊಳ್ಳಿ

ನಮ್ಮಲ್ಲಿ ನೋವನ್ನು ಮುಚ್ಚಿಟ್ಟುಕೊಂಡವರು ಯಾರು? ಈ 12 ವಾರ ಅವರ ಪಾಲಿನ ನೀರಿನ ಕೊಡವನ್ನು, ಸೌದೆಯ ಹೊರೆಯನ್ನು ಯಾರು ಹೊರುತ್ತೀರಿ?